ಮಾಹಿತಿದಾರೆ ಏಳು

ಮಾರ್ಚ್ 4

ಕಡ್ಡಿ,

ನೀನು ಕಳಿಸಿದ ಕಟ್ಟು ಬಂತು. ಒಳಗೆ ಎರಡು ಹಾಳೆ. ಒಂದು ನನಗೆ ಬರೆದದ್ದು, ಇನ್ನೊಂದು ಸಹಿ ಹಾಕುವುದಕ್ಕೆ. ನನ್ನ ಹೆಂಡತಿ ಆಡಿದ ಮಾತನ್ನು ನಿನ್ನ ಮಹಾಪ್ರಬಂಧದಲ್ಲಿ ಅಚ್ಚು ಹಾಕಿಸಲು ನನ್ನ ಒಪ್ಪಿಗೆ ಇದೆಯಂತೆ. ಕೆಳಗೆ ಗೆರೆ ಎಳೆದು ಜಾಗ ಬಿಟ್ಟಿದ್ದೀಯ. ಗೆರೆ ಕಂಡಲ್ಲೆಲ್ಲ ಸಹಿ ಹಾಕುವ ಗಿರಾಕಿ ನಾನಲ್ಲ. ಐದನೇ ಕ್ಲಾಸಿಗೆ ಶಾಲೆ ಬಿಟ್ಟವನು, ಬೆರಳಿಟ್ಟು ಓದುತ್ತೇನೆ, ನಿಧಾನವಾಗುತ್ತದೆ. ಪಂಪ್‌ಹೌಸಿನಲ್ಲಿದ್ದಾಗಲೂ ಇಂಜಿನಿಯರ್ ಎದುರಿಗೇ ಕೂತು ಓದಿ ಆಮೇಲೆ ಸಹಿ ಹಾಕುತ್ತಿದ್ದೆ. ಅವನು ಕೈಗಡಿಯಾರ ನೋಡಿಕೊಂಡರೆ ಇನ್ನೂ ನಿಧಾನ ಓದುತ್ತಿದ್ದೆ.

ಹೋದ ವರ್ಷ ಮೂರು ತಿಂಗಳು ನಮ್ಮ ಮನೆಯಲ್ಲಿದ್ದು, ಅಡುಗೆಮನೆಯ ಮೂಲೆಯಲ್ಲಿ ಆ ಬೆಂಕಿಪೊಟ್ಟಣದಂಥ ಯಂತ್ರ ಇಟ್ಟು ನಿಮ್ಮ ದೊಡ್ಡಮ್ಮನ ಮಾತು ಹಿಡಿದುಕೊಂಡೆಯಲ್ಲ, ಅದರಲ್ಲಿ ಅವಳು ಏನು ಹೇಳಿದ್ದಾಳೆಂದು ನನಗೆ ಗೊತ್ತಿಲ್ಲ. ನೀವಿಬ್ಬರೂ ಒಳಗೆ, ನಾನು ಹೊರಗಿನ ಕೋಣೆಯಲ್ಲಿ. ಮೊದಲು ಅವಳ ಭಾಗ ಕಳಿಸು. ಯಂತ್ರ ಬೇಡ, ಕಾಗದದ ಮೇಲೆ ಕಳಿಸು. ಫೋನೂ ಮಾಡಬೇಡ. ಫೋನ್ ಕೆಟ್ಟಿದೆ, ಬರೀ ಕೊಯ್ ಅನ್ನುತ್ತದೆ.

ಹೇಗಿದ್ದೀರಿ ಎಂದು ಕೇಳಿದ್ದೀಯ. ಇದ್ದೇನೆ. ಅವಳು ಹೋಗಿ ಎರಡು ತಿಂಗಳಾಗುತ್ತ ಬಂತು. ಅಳು ಬರಲಿಲ್ಲ. ಬಂದವರೆಲ್ಲ ನನ್ನ ಮುಖವನ್ನೇ ನೋಡುತ್ತಿದ್ದರು, ಯಾವಾಗ ಬಿಕ್ಕುತ್ತಾನೋ ಎಂದು. ಹಲ್ಲು ಕೀಳಿಸಿಕೊಂಡ ದಿನ ದವಡೆ ಮುಟ್ಟಿದರೆ ಬೇರೆ ಯಾರದೋ ಅನ್ನಿಸುತ್ತದಲ್ಲ, ಹಾಗಿದೆ. ಆಸ್ಪತ್ರೆಯಲ್ಲಿ ಕೊನೆಯ ದಿನ ಏನೋ ಹೇಳಿದಳು. ವಾರ್ಡಿನಲ್ಲಿ ಗದ್ದಲ. ಹೂಂ ಅಂದೆ.

ಪಕ್ಕದ ಮನೆ ಟೈಲರ್ ತಲೆ ತಿನ್ನುತ್ತಿದ್ದಾನೆ. ನಮ್ಮ ಅಡುಗೆಮನೆಯ ನಲ್ಲಿ ಸೋರುತ್ತದಂತೆ, ಆ ಟಪ್ ಟಪ್ ಸದ್ದಿಗೆ ಅವನಿಗೆ ಹೊಲಿಗೆ ತಪ್ಪುತ್ತದಂತೆ. ನೀರಿನ ಕೆಲಸದಲ್ಲೇ ತಲೆ ನೆರೆಸಿಕೊಂಡವನಿಗೆ ನಲ್ಲಿ ಸೋರುವುದನ್ನು ಇವನು ಹೇಳಿಕೊಡಬೇಕೆ? ಬೈದು ಕಳಿಸಿದೆ.

ದೊಡ್ಡಪ್ಪ


ಮಾರ್ಚ್ 11

ದೊಡ್ಡಪ್ಪನವರಿಗೆ,

ದೊಡ್ಡಮ್ಮನ ಭಾಗ ಕಳಿಸಿದ್ದೇನೆ. ಮಹಾಪ್ರಬಂಧದಲ್ಲಿ ಐದು ಅಧ್ಯಾಯ, ಅವು ಮುಗಿದ ಮೇಲೆ ಅನುಬಂಧ. ಬಿಸ್ಕತ್ತು ಕಾರ್ಖಾನೆಯಲ್ಲಿ ಪ್ಯಾಕಿಂಗ್ ಮಾಡುತ್ತಿದ್ದ ಹೆಂಗಸರು ತಮ್ಮ ಕೆಲಸದ ದಿನಗಳನ್ನು ಈಗ ಹೇಗೆ ನೆನೆಯುತ್ತಾರೆ ಎಂಬುದು ವಿಷಯ. ಅವರು ಆಡಿದ ಮಾತು ಆಡಿದ ಹಾಗೆಯೇ ಅನುಬಂಧದಲ್ಲಿ ಬರುತ್ತದೆ. ಅದರಿಂದ ನಾನು ಏನು ಅರ್ಥ ಮಾಡಿಕೊಂಡೆ ಎಂಬುದು ಅಧ್ಯಾಯಗಳಲ್ಲಿ.

ಯಾರ ಹೆಸರನ್ನೂ ಹಾಕುವಂತಿಲ್ಲ. ದೊಡ್ಡಮ್ಮ 'ಮಾಹಿತಿದಾರೆ ಏಳು'. ಬೇಜಾರು ಮಾಡಿಕೊಳ್ಳಬೇಡಿ, ನಿಯಮ. ಮಾತಿನ ನಡುವೆ ಚುಕ್ಕಿಗಳಿದ್ದರೆ ಅಲ್ಲಿ ಮಾತು ನಿಂತಿದೆ ಎಂದರ್ಥ. ಒಂದು ಚುಕ್ಕಿ, ಒಂದು ಉಸಿರಿನಷ್ಟು ಹೊತ್ತು.

ನಮ್ಮ ಗೈಡ್ ಪುಟಗಳು ಮಿತಿ ಮೀರಿವೆ ಎನ್ನುತ್ತಾರೆ. ಏಪ್ರಿಲ್ ಕೊನೆಯೊಳಗೆ ಸಲ್ಲಿಸಿದರೆ ಜೂನಿನಲ್ಲಿ ನಮ್ಮ ವಿಭಾಗದಲ್ಲೇ ಪಾಠ ಹೇಳುವ ಕೆಲಸ ಸಿಗುತ್ತದೆ, ಮಾತಾಗಿದೆ. ಹಾಗಾಗಿ ಅನುಬಂಧ ಇಳಿಸುತ್ತಿದ್ದೇನೆ. ಪಾತ್ರೆಯ ಸದ್ದು, ಹೊರಗಿನ ಮಾತು, ಅಂಥವನ್ನೆಲ್ಲ ತೆಗೆದಿದ್ದೇನೆ. ಕಥೆಗೆ ಏನೂ ಊನವಾಗಿಲ್ಲ.

ನನಗೂ ಅಳು ಬರಲಿಲ್ಲ ದೊಡ್ಡಪ್ಪ. ಅವತ್ತು ನಿಮ್ಮ ಪಕ್ಕದಲ್ಲೇ ಕೂತಿದ್ದೆನಲ್ಲ, ಎಡಗಡೆ ಅಂಚು ಬೈಂಡಿಂಗಿಗೆಂದು ಒಂದೂವರೆ ಇಂಚು ಬಿಡಬೇಕು, ನಾನು ಒಂದೇ ಬಿಟ್ಟಿದ್ದೇನಲ್ಲ ಎಂದು ಯೋಚಿಸುತ್ತಿದ್ದೆ. ಈಗಲೂ ದಿನವೆಲ್ಲ ಅದೇ. ಅಂಚು, ಸಾಲಿನ ನಡುವಿನ ಜಾಗ, ಪುಟದ ಸಂಖ್ಯೆ. ಬೇರೇನೂ ಒಳಗೆ ಇಳಿಯುತ್ತಿಲ್ಲ.

ನಿಮ್ಮ
ಕಡ್ಡಿ


ಮಾರ್ಚ್ 22

ಕಡ್ಡಿ,

ಓದಿದೆ. ಬೆಳಕು ಚೆನ್ನಾಗಿರುವ ಹೊತ್ತಲ್ಲಿ ಕಿಟಕಿ ಹತ್ತಿರ ಕೂತು ದಿನಕ್ಕೆ ಇಷ್ಟಿಷ್ಟು.

ಮೊದಲು ಜಗಳ ಮುಗಿಸುತ್ತೇನೆ. ಏಳು ಎಂದರೇನು? ಪಂಪಿಗೆ ನಂಬರ್ ಹಾಕುತ್ತೇವೆ, ವಾಲ್ವಿಗೆ ಹಾಕುತ್ತೇವೆ. ಅದೂ ಏಳನೆಯವಳು. ಮೊದಲ ಆರು ಜನ ಯಾವ ಮಹಾರಾಣಿಯರು? ಮನೆಯಲ್ಲಿ ಉಂಡು ಮಲಗಿದವಳು ನೀನು, ಒಂದು ಅಂತ ಹಾಕಬಾರದಿತ್ತೇ? ಮತ್ತೆ ಆ ಚುಕ್ಕಿ. ಪುಟ ಜಾಸ್ತಿ ಆಯಿತು ಎಂದು ಗೋಳಾಡುವವಳು ಇರುವೆ ಸಾಲಿನ ಹಾಗೆ ಚುಕ್ಕಿ ಇಟ್ಟಿದ್ದೀಯ. ಮೊದಲು ಅವನ್ನು ಗುಡಿಸು.

ಇನ್ನು ಮಾತು. ಆ ಪ್ಯಾಕಿಂಗ್ ಹಾಲಿನಲ್ಲಿ ಬಾಯಿ ಬಿಟ್ಟರೆ ಮನೆಗೆ ಕಳಿಸುತ್ತಿದ್ದರು, ಅದಕ್ಕೇ ಹುಡುಗಿಯರೆಲ್ಲ ತಲೆ ಎತ್ತದೆ ಮೆಲ್ಲಗೆ ಮಾತಾಡುವುದನ್ನು ಕಲಿತರು ಎಂದು ಹೇಳಿದ್ದಾಳೆ. ಇದು ಗೊತ್ತಿತ್ತು. ಸೂಪರ್‌ವೈಸರನ ಕುರ್ಚಿಗೆ ಲೇಬಲ್ಲಿನ ಅಂಟು ಬಳಿದು, ಅವನು ಏಳುವಾಗ ಪ್ಯಾಂಟು ಅಲ್ಲೇ ಉಳಿದದ್ದು ಇಡೀ ಕಾರ್ಖಾನೆಗೆ ಗೊತ್ತಿದ್ದ ಕಥೆ. ಅಂಟು ಬಳಿದವಳು ಇವಳೇ ಎಂಬುದು ಗೊತ್ತಿರಲಿಲ್ಲ! ನನ್ನ ಜೊತೆ ಇಷ್ಟು ವರ್ಷ ಸಂಸಾರ ಮಾಡಿ ಒಂದು ದಿನ ಬಾಯಿ ಬಿಡಲಿಲ್ಲ. ನಿನಗೆ ಹೇಳಿದ್ದಾಳೆ.

ಒಂದು ಅರ್ಥವಾಗಲಿಲ್ಲ. ಆ ಅಂಟಿನ ಕಥೆಯ ನಡುವೆ ಇದ್ದಕ್ಕಿದ್ದ ಹಾಗೆ "ಎಲ್ಲಿಗೆ ಬಂದಿದ್ದೆ?" ಎಂದು ಕೇಳುತ್ತಾಳೆ. ನೀನು "ಡಬ್ಬಿ ತಗೊಂಡ್ರಲ್ಲ, ಅಲ್ಲಿಗೆ" ಎನ್ನುತ್ತೀಯ. ಎಲ್ಲಿಗೂ ಎದ್ದು ಹೋಗದವಳು ಯಾಕೆ ಹಾಗೆ ಕೇಳಿದಳು?

ಇನ್ನೊಂದು ಹೇಳಿಬಿಡುತ್ತೇನೆ, ಯಾರಿಗೂ ಹೇಳಿಲ್ಲ. ಈ ನಾಲ್ಕೈದು ವರ್ಷದಿಂದ ಅವಳು ನಾನು ಕರೆದರೆ ಓಗೊಡುವುದನ್ನು ಬಿಟ್ಟಿದ್ದಳು. ಒಂದು ಸಲ ಕರೆಯುತ್ತಿದ್ದೆ, ಎರಡು ಸಲ, ಮೂರು ಸಲ, ಗಂಟಲು ಹರಿಯುವ ಹಾಗೆ. ಉತ್ತರವಿಲ್ಲ. ಆಮೇಲೆ ತನ್ನ ಪಾಡಿಗೆ ಬಂದು ನಿಲ್ಲುತ್ತಿದ್ದಳು. ನನ್ನ ಮೇಲೆ ಮನಸ್ಸು ಮುರಿದುಕೊಂಡಿದ್ದಾಳೆ ಎಂದು ಗೊತ್ತಾಯಿತು. ಏಕೆಂದು ಕೇಳಲಿಲ್ಲ. ಇಷ್ಟು ಹಾಳೆಯಲ್ಲಿ ಎಲ್ಲಾದರೂ ನನಗೊಂದು ಉತ್ತರ ಕೊಟ್ಟಿರಬಹುದು ಎಂದು ಹುಡುಕಿದೆ. ಎಲ್ಲೂ ಇಲ್ಲ. ಇರಲಿ, ಖಾತ್ರಿಯಾಯಿತು. ನಾನು ಕೂಗಿದ್ದನ್ನು ನೀನು ಹಾಕಿಲ್ಲ, ಒಳ್ಳೆಯದು ಮಾಡಿದೆ.

ಸಹಿ ಹಾಕಿದ್ದೇನೆ. ಇದರ ಜೊತೆಗೇ ಇದೆ.

ಟೈಲರ್ ಮತ್ತೆ ಬಂದಿದ್ದ. ನಲ್ಲಿ ಹತ್ತಿರ ನಿಲ್ಲಿಸಿ "ಈಗ ಕೇಳ್ತಾ? ಈಗ ಕೇಳ್ತಾ?" ಅಂದ. ಮಣ್ಣು ಕೇಳಿತು. ಅವನಿಗೇ ತಲೆ ಕೆಟ್ಟಿದೆ. ಆದರೆ ಕೆಳಗೆ ಇಟ್ಟಿದ್ದ ಬಕೆಟ್ಟು ತುಂಬಿತ್ತು.

ದೊಡ್ಡಪ್ಪ


ಏಪ್ರಿಲ್ 2

ದೊಡ್ಡಪ್ಪನವರಿಗೆ,

ತಡವಾಯಿತು. ನಿಮ್ಮ ಕಾಗದ ಓದಿ ಎಲ್ಲ ಧ್ವನಿಮುದ್ರಣಗಳನ್ನೂ ಮೊದಲಿನಿಂದ ಕೇಳಿದೆ. ವಿಭಾಗದ ಕೋಣೆಯಲ್ಲಿ ಇಯರ್‌ಫೋನ್ ಕಿವಿಗೆ ಸಿಕ್ಕಿಸಿಕೊಂಡು ಕೂತರೆ ಕಸ ಗುಡಿಸುವವರು ಬಂದು ದೀಪ ಆರಿಸುವವರೆಗೂ.

ದೊಡ್ಡಮ್ಮ ನಿಮಗೆ ಉತ್ತರ ಕೊಟ್ಟಿದ್ದಾರೆ. ಪ್ರತಿ ಸಲವೂ. ಒಂದು ಸಲವೂ ತಪ್ಪಿಸಿಲ್ಲ. ಆ ಸಾಲುಗಳನ್ನು ತೆಗೆದವಳು ನಾನು. ಅಂಟಿನ ಕಥೆಯ ನಡುವೆ ಇದ್ದದ್ದು ಇಷ್ಟು:

ಗಂಡಸಿನ ದನಿ: ಲೇ, ಎಲ್ಲಿದ್ದೀ?
ಮಾಹಿತಿದಾರೆ 7: . . ಬಂದೆ.
ಗಂಡಸಿನ ದನಿ: ಲೇ!
ಮಾಹಿತಿದಾರೆ 7: ಬಂದೆ ಕಣ್ರೀ.
ಗಂಡಸಿನ ದನಿ: ಕಿವಿಗೇನು ಹತ್ತಿ ಇಟ್ಕೊಂಡಿದ್ದೀಯಾ?
ಮಾಹಿತಿದಾರೆ 7: (ನಗು) . . . ಬಂದೆ, ಬಂದೆ. (ಎದ್ದು ಹೋಗುತ್ತಾರೆ. ಮರಳಿ ಬಂದು) ಎಲ್ಲಿಗೆ ಬಂದಿದ್ದೆ?

ಕಾರ್ಖಾನೆಯಲ್ಲಿ ಕಲಿತ ದನಿ. ಅದು ಅಡುಗೆಮನೆಯ ಬಾಗಿಲು ದಾಟುವುದಿಲ್ಲ. ಅಷ್ಟೇ ಅಲ್ಲ, ನಿಮ್ಮನ್ನು ಒಂದು ಕೇಳಬೇಕು. ಕಡ್ಡಿ ತುಂಡು ಮಾಡಿದ ಹಾಗೆ ಮಾತಾಡು ಎಂದು ನೀವೇ ಹೇಳುತ್ತಿದ್ದಿರಿ, ಅದಕ್ಕೆ ಕೇಳುತ್ತೇನೆ. ನಿಮಗೆ ಕಿವಿ ಕೇಳಿಸುವುದಿಲ್ಲ ಅಲ್ಲವೇ ದೊಡ್ಡಪ್ಪ? ಫೋನ್ ಕೆಟ್ಟಿಲ್ಲ. ನಲ್ಲಿ ಸೋರುತ್ತಿದೆ. ಪಂಪಿನ ಪಕ್ಕದಲ್ಲಿ ಅಷ್ಟು ವರ್ಷ ನಿಂತವರು ನೀವು.

ಮೂರು ತಿಂಗಳು ಜೊತೆಗಿದ್ದೂ ನನಗೆ ಹೊಳೆಯಲಿಲ್ಲ. ನೀವು ಸಿಡುಕರು, ತಾಳ್ಮೆ ಇಲ್ಲದವರು, ಅದಕ್ಕೇ ಮೇಲಿಂದ ಮೇಲೆ ಕೂಗುತ್ತೀರಿ ಎಂದುಕೊಂಡೆ. ಅಂದುಕೊಂಡು ಸುಮ್ಮನಿರಲಿಲ್ಲ, ಬರೆದೂಬಿಟ್ಟೆ. ನಾಲ್ಕನೇ ಅಧ್ಯಾಯದ ಹೆಸರು 'ತಡೆದ ಮಾತು'. ಅಲ್ಲಿ ಬೇರೆ ಹೆಂಗಸರ ಜೊತೆ ನಮ್ಮ ಮನೆಯೂ ಇದೆ. ಕಾರ್ಖಾನೆಯಲ್ಲಿ ಸೂಪರ್‌ವೈಸರ್, ಮನೆಯಲ್ಲಿ ಗಂಡ, ಎರಡು ಕಡೆಯೂ ಮಾತಿಗೆ ಕತ್ತರಿ ಎಂದು ಬರೆದಿದ್ದೇನೆ. ನೀವು ಓದಿದರೆ ನೊಂದುಕೊಳ್ಳುತ್ತೀರಿ ಎಂದು ನಿಮಗೆ ಕಳಿಸುವ ಹಾಳೆಗಳಿಂದ ನಿಮ್ಮ ದನಿ ತೆಗೆದೆ. ಪುಟವೂ ಉಳಿಯಿತು. ಅದರ ಜೊತೆ ದೊಡ್ಡಮ್ಮನ ದನಿಯೂ ಹೋಯಿತು.

ಕಡ್ಡಿ


ಏಪ್ರಿಲ್ 7

ಯಾರು ಕಿವುಡ?

ನಿನಗೆ ಅನ್ನ ಹಾಕಿದ್ದಕ್ಕೆ ನನ್ನನ್ನು ಸೂಪರ್‌ವೈಸರ್ ಪಕ್ಕದಲ್ಲಿ ಕೂರಿಸಿದೆ. ಈಗ ಕಿವುಡ ಎನ್ನುತ್ತೀಯ. ನಾಳೆ ಕುರುಡ ಎನ್ನು. ಸಹಿ ಹಾಕಿದ್ದು ವಾಪಸ್. ಒಂದಕ್ಷರ ಅಚ್ಚಾಗಕೂಡದು.


ಏಪ್ರಿಲ್ 12

ದೊಡ್ಡಪ್ಪನವರಿಗೆ,

ಸಿಟ್ಟು ಬರುತ್ತದೆ ಎಂದು ಗೊತ್ತಿತ್ತು. ಇದ್ದದ್ದನ್ನು ಇದ್ದ ಹಾಗೆ ಬರೆಯುತ್ತೇನೆ.

ನಿಮ್ಮ ಒಪ್ಪಿಗೆ ಇಲ್ಲದಿದ್ದರೆ ದೊಡ್ಡಮ್ಮನ ಮಾತಿರುವ ಅನುಬಂಧ ಮೂರು ಹೋಗುತ್ತದೆ. ಅದನ್ನು ಆಧರಿಸಿದ ನಾಲ್ಕನೇ ಅಧ್ಯಾಯ ನಿಲ್ಲುವುದಿಲ್ಲ. ಅಧ್ಯಾಯವನ್ನು ಬದಲಾಯಿಸಿ ಬರೆದರೂ ಏಪ್ರಿಲ್ ದಾಟುತ್ತದೆ. ಗೈಡ್ ಹತ್ತಿರ ಹೋಗಿ ಹೇಳಿದೆ. "ಅಲ್ಲಮ್ಮಾ, ಅವರಿಗೆ ಕೇಳಿಸುತ್ತೋ ಇಲ್ಲವೋ ಪರೀಕ್ಷಕರು ಬಂದು ನೋಡ್ತಾರಾ? ಅಧ್ಯಾಯ ಗಟ್ಟಿಯಾಗಿದೆ. ಕೈ ಹಾಕಿ ಕೆಡಿಸ್ಕೋಬೇಡ. ಮೊದಲು ಅಂಚು ಸರಿ ಮಾಡು," ಎಂದರು. ಅಂಚು ಸರಿ ಮಾಡಿದೆ. ಕೂತು ನೋಡಿದೆ. ಸರಿಯಾದ ಅಂಚಿನೊಳಗೆ ಸುಳ್ಳು ಚೆನ್ನಾಗಿ ಕೂತಿತ್ತು.

ಹಾಗೆ ಸಲ್ಲಿಸುವುದಿಲ್ಲ. ನೀವು ಬೇಡ ಎಂದರೆ ದೊಡ್ಡಮ್ಮನ ಭಾಗ ಪೂರ್ತಿ ತೆಗೆಯುತ್ತೇನೆ. ಹೂಂ ಎಂದರೆ ಪೂರ್ತಿ ಹಾಕುತ್ತೇನೆ, ಒಂದು ಅಡಿಟಿಪ್ಪಣಿ ಸೇರಿಸಿ. ಅಡಿಟಿಪ್ಪಣಿ ಎಂದರೆ ಪುಟದ ಬುಡದಲ್ಲಿ ಸಣ್ಣ ಅಕ್ಷರದಲ್ಲಿ ಹಾಕುವ ವಿವರಣೆ. ಹೀಗೆ ಬರೆದುಕೊಂಡಿದ್ದೇನೆ: 'ಕರೆಯುತ್ತಿರುವವರಿಗೆ ವೃತ್ತಿಯ ಕಾರಣದಿಂದ ಶ್ರವಣ ಸಾಮರ್ಥ್ಯ ಕೊಂಚ ಕಡಿಮೆಯಿರುವ ಸಾಧ್ಯತೆಯಿದ್ದು, ಮರುಕರೆಗಳನ್ನು ಆ ಹಿನ್ನೆಲೆಯಲ್ಲಿ ಗ್ರಹಿಸಬೇಕು.' ಅದಿಲ್ಲದೆ ಹಾಕಿದರೆ ಓದಿದವರಿಗೆಲ್ಲ ನೀವು ನಾನು ಬರೆದಂಥ ಮನುಷ್ಯರಾಗಿಯೇ ಕಾಣುತ್ತೀರಿ.

ಇದರ ಜೊತೆ ಇರುವ ಕಟ್ಟು ನಿಮ್ಮದು. ದೊಡ್ಡಮ್ಮ ಆಡಿದ್ದು ಪೂರ್ತಿ, ಏನೂ ತೆಗೆದಿಲ್ಲ. ನೀವು ಒಪ್ಪಿದರೂ ಸರಿ, ಬಿಟ್ಟರೂ ಸರಿ, ಅದು ನಿಮ್ಮ ಹತ್ತಿರವೇ ಇರಲಿ.

ಕಡ್ಡಿ


ಏಪ್ರಿಲ್ 21

ಕಡ್ಡಿ,

ಕಟ್ಟನ್ನು ಬಿಚ್ಚದೆ ಕಪಾಟಿನ ಮೇಲೆ ಎಸೆದಿದ್ದೆ. ಆಮೇಲೆ ಟೈಲರನ್ನು ಕರೆದೆ.

ಅವನನ್ನು ಅಡುಗೆಮನೆಯಲ್ಲಿ ಒಲೆಯ ಮುಂದೆ ನಿಲ್ಲಿಸಿ, ನಾನು ಕೂಗಿದಾಗ ಮೆಲ್ಲಗೆ 'ಬಂದೆ' ಅನ್ನಬೇಕು, ಕಿರುಚಬಾರದು ಎಂದು ಹೇಳಿದೆ. "ಇದೇನ್ ಆಟ ಯಜಮಾನ್ರೇ, ಅಂಗಡೀಲಿ ಗಿರಾಕಿ ಕೂತವ್ರೆ," ಅಂದ. "ಹೇಳಿದಷ್ಟು ಮಾಡೋ," ಅಂದೆ. ಹೊರಗಿನ ಕೋಣೆಗೆ ಬಂದು ನನ್ನ ಕುರ್ಚಿಯಲ್ಲಿ ಕೂತೆ. ಕೂಗಿದೆ. ಏನೂ ಇಲ್ಲ. ಮತ್ತೆ ಕೂಗಿದೆ. ಏನೂ ಇಲ್ಲ. ಕಳ್ಳ ಹಿತ್ತಲ ಬಾಗಿಲಿಂದ ಜಾರಿಕೊಂಡ ಎಂದುಕೊಂಡು ಎದ್ದು ಹೋದೆ. ಅಲ್ಲೇ ನಿಂತಿದ್ದ. ನನ್ನ ಮುಖ ನೋಡಿ ಅವನ ತುಟಿ ಅಲುಗಿತು. ಹತ್ತಿರ ಹೋದ ಮೇಲೆ ಕೇಳಿಸಿತು. "ಆಗ್ಲಿಂದ ಹೇಳ್ತಾನೇ ಇದ್ದೀನಲ್ಲ, ಇನ್ನೇನು ತಮಟೆ ಬಡೀಬೇಕಾ?" ಅಂದ.

ಅವನಿಗೆ ಕಾಫಿ ಮಾಡಿಕೊಟ್ಟೆ. ನನ್ನ ಕಾಫಿ ಕುಡಿದು, "ಅಮ್ಮಾವ್ರು ಹೀಗೆ ಮಾಡ್ತಿರ್ಲಿಲ್ಲ," ಅಂದ. ಅದು ಕೇಳಿಸಿತು.

ಆಮೇಲೆ ಕಟ್ಟು ಬಿಚ್ಚಿದೆ. ಇಷ್ಟು ದಿನ ಅಲ್ಲಾಡದ ಕಲ್ಲಿನ ಹಾಗೆ ಕೂತು ಓದಿದ್ದೇನೆ ಎಂದುಕೊಳ್ಳಬೇಡ, ನಡುವೆ ಅನ್ನ ಮಾಡಿದೆ, ಬಟ್ಟೆ ಒಗೆದೆ, ನಲ್ಲಿಗೆ ವಾಷರ್ ಹಾಕಿದೆ. ಎಲ್ಲ ಕಡೆ ಬಂದೆ ಎಂದಿದ್ದಾಳೆ. ಕೈ ಹಿಟ್ಟಾಗಿದೆ, ಬಂದೆ. ಹಾಲು ಉಕ್ಕುತ್ತೆ, ಬಂದೆ. ಒಂದು ಕಡೆ ನೀನು "ದೊಡ್ಡಪ್ಪ ಯಾಕೆ ಹಾಗೆ ಕೂಗ್ತಾರೆ?" ಎಂದು ಕೇಳುತ್ತೀಯ. ಅವಳು "ಕೂಗ್ಲಿ ಬಿಡು, ಇದ್ದಾರೆ ಅಂತ ಗೊತ್ತಾಗುತ್ತೆ," ಎನ್ನುತ್ತಾಳೆ. ಆ ಪುಟ ಎರಡು ದಿನ ಹಿಡಿಯಿತು. ಅಕ್ಷರ ಕಷ್ಟವಿರಲಿಲ್ಲ.

ಈಗಲೂ ಅಳು ಬಂದಿಲ್ಲ. ಬರುತ್ತದೆ ಎಂದು ಕಾಯುತ್ತಲೂ ಇಲ್ಲ. ಆ ವಾರ್ಡಿನಲ್ಲಿ ಗದ್ದಲ ಇತ್ತೋ ಇಲ್ಲವೋ ಈಗ ಹೇಳಲಾರೆ.

ಹೊಸದಾಗಿ ಸಹಿ ಹಾಕಿ ಕಳಿಸಿದ್ದೇನೆ. ನಾನು ಹೇಳಿದ ಹಾಗೆ ಮಾಡು. ಪೂರ್ತಿ ಹಾಕು. ಅವಳ ಸಾಲು, ನನ್ನ ಸಾಲು ಒಂದೇ ಅಳತೆಯ ಅಕ್ಷರದಲ್ಲಿ ಇರಲಿ. ಚುಕ್ಕಿ ಗುಡಿಸು ಎಂದಿದ್ದೆ, ಬೇಡ, ಇರಲಿ. ಏಳು ಇದ್ದರೂ ಇರಲಿ. ಬುಡದಲ್ಲಿ ಹಾಕುವ ಆ ಸಣ್ಣಕ್ಷರದ ಟಿಪ್ಪಣಿ ಓದಿದರೆ ನನಗೇ ತಲೆ ತಿರುಗುತ್ತದೆ. ಸಾಮರ್ಥ್ಯ, ಸಾಧ್ಯತೆ ಎಂದೆಲ್ಲ ಸುತ್ತಿ ಬಳಸಿ ಬರೆಯಬೇಡ. 'ಕರೆಯುವವನು ಕಿವುಡ. ಇಬ್ಬರಿಗೂ ಗೊತ್ತಿರಲಿಲ್ಲ.' ಅಷ್ಟು ಸಾಕು. ನಂಬರ್ ಕೊಟ್ಟಿರುವುದರಿಂದ ಊರಿಗೆ ಗೊತ್ತಾಗುವುದಿಲ್ಲವಲ್ಲ, ನಿನ್ನ ನಿಯಮ ಇಲ್ಲಿ ಉಪಯೋಗಕ್ಕೆ ಬಂತು.

ಪುಟ ಜಾಸ್ತಿ ಆದರೆ ಕೃತಜ್ಞತೆಯ ಹಾಳೆಯಲ್ಲಿ ನನ್ನ ಬಗ್ಗೆ ಏನಾದರೂ ಬಣ್ಣ ಕಟ್ಟಿ ಬರೆದಿದ್ದರೆ ಕಿತ್ತುಹಾಕು. ಜಾಗ ಉಳಿಯುತ್ತದೆ.

ನಾಲ್ಕನೆಯದನ್ನು ಏನು ಮಾಡುತ್ತೀಯೋ ನಿನಗೆ ಬಿಟ್ಟದ್ದು. ಕೆಲಸ ಕಳೆದುಕೊಳ್ಳಬೇಡ.

ದೊಡ್ಡಪ್ಪ


ಆಗಸ್ಟ್ 19

ದೊಡ್ಡಪ್ಪನವರಿಗೆ,

ಇಷ್ಟು ದಿನ ಬರೆಯಲಿಲ್ಲ. ಬರೆಯುವುದೆಲ್ಲ ಪ್ರಬಂಧಕ್ಕೇ ಹೋಯಿತು.

ನಾಲ್ಕನೇ ಅಧ್ಯಾಯವನ್ನು ಮೊದಲಿಂದ ಬರೆದೆ. ಉಳಿದ ಮನೆಗಳಲ್ಲಿ ಮಾತು ತಡೆದದ್ದು ನಿಜ, ಅದು ಹಾಗೇ ಇದೆ. ನಮ್ಮ ಮನೆಯದು ಮಾತ್ರ ಬೇರೆ ಎಂದು ಬರೆಯಬೇಕಾಯಿತು. ಅಧ್ಯಾಯದ ಹೆಸರನ್ನೂ ಬದಲಾಯಿಸಿದೆ. 'ಎಲ್ಲಿಗೆ ಬಂದಿದ್ದೆ?' ಎಂದು ಇಟ್ಟಿದ್ದೇನೆ. ಎಷ್ಟು ಸಲ ಎದ್ದು ಹೋದರೂ ದೊಡ್ಡಮ್ಮ ಬಿಟ್ಟ ಮಾತಿಗೇ ಮರಳಿ ಬರುತ್ತಿದ್ದರು, ಒಂದು ಕಥೆಯನ್ನೂ ಅರ್ಧಕ್ಕೆ ಬಿಟ್ಟಿಲ್ಲ. ಅದು ನನಗೆ ಮೊದಲು ಕಂಡಿರಲೇ ಇಲ್ಲ.

ಗೈಡ್ ಒಂದು ತಿಂಗಳು ಮುಖ ತಿರುಗಿಸಿಕೊಂಡಿದ್ದರು. ಕೃತಜ್ಞತೆಯ ಹಾಳೆ ಒಂದೇ ಸಾಲಿಗೆ ಇಳಿಯಿತು. ಆದರೂ ಪುಟ ಮಿತಿ ಮೀರಿತು, ಅನುಮತಿ ಬೇಡಿ ಅರ್ಜಿ ಹಾಕಿದೆ. ಜುಲೈಯಲ್ಲಿ ಸಲ್ಲಿಸಿದೆ. ಜೂನಿನ ಕೆಲಸ ಬೇರೆಯವರಿಗೆ ಹೋಯಿತು. ಅದರ ಬಗ್ಗೆ ಏನಾದರೂ ಅನ್ನಿಸಬೇಕಿತ್ತು. ಸದ್ಯಕ್ಕೆ ಒಂದು ಶಾಲೆಯಲ್ಲಿದ್ದೇನೆ, ಮಕ್ಕಳು ಗಲಾಟೆ ಮಾಡುತ್ತಾರೆ, ನಾನು ಹೊರಗೆ ನೋಡುತ್ತಿರುತ್ತೇನೆ.

ಬೈಂಡಿಂಗ್ ಅಂಗಡಿಯವನು ಪ್ರತಿಯನ್ನು ಕೈಗೆ ಕೊಟ್ಟು, "ಬಿಸಿ ಐತೆ, ಅಂಟು ಇನ್ನೂ ಒಣಗಿಲ್ಲ, ಕೂರೋ ಕಡೆ ಇಡಬೇಡಿ," ಎಂದ. ನನಗೆ ಆ ಕುರ್ಚಿ ನೆನಪಾಗಿ ನಗು ಬಂತು. ನಕ್ಕು ಮುಗಿಸಲು ಆಗಲಿಲ್ಲ. ಅಂಗಡಿಯವನು ಸ್ಟೂಲು ಕೊಟ್ಟ.

ಒಂದು ಪ್ರತಿ ನಿಮಗೆ. ಅನುಬಂಧ ಮೂರಕ್ಕೆ ದಾರ ಇಟ್ಟಿದ್ದೇನೆ.

ಕಡ್ಡಿ


ಸೆಪ್ಟೆಂಬರ್ 3

ಕಡ್ಡಿ,

ಪುಸ್ತಕ ಬಂತು. ಅಬ್ಬಾ, ಏನು ಭಾರ! ಅಂಚೆಯವನು ಇಟ್ಟಿಗೆ ತಂದ ಹಾಗೆ ತಂದು ಬಾಗಿಲಲ್ಲಿ ಕುಕ್ಕಿದ. ಟೈಲರ್ ಬಂದು ತಿರುವಿ ನೋಡಿ, "ಇಷ್ಟರಲ್ಲಿ ಅಮ್ಮಾವ್ರು ಎಲ್ಲವ್ರೆ?" ಅಂದ. ದಾರ ಎಳೆದು ತೋರಿಸಿದೆ. ಅವನಿಗೆ ಓದಲು ಬರುವುದಿಲ್ಲ, ಆದರೂ ಪುಟ ನೋಡಿ ತಲೆಯಾಡಿಸಿದ.

ಬುಡದ ಟಿಪ್ಪಣಿ ನೋಡಿದೆ. ನಾನು ಹೇಳಿದ ಹಾಗೆಯೇ ಇದೆ. 'ಕಿವುಡ' ಎಂಬುದನ್ನು 'ಕಿವುಡರು' ಮಾಡಿದ್ದೀಯ. ಅಚ್ಚಿನಲ್ಲಿ ಮರ್ಯಾದೆ ಕೊಟ್ಟ ಹಾಗಾಯಿತು.

ಕೆಲಸ ಹೋದದ್ದಕ್ಕೆ ಬೈಯಬೇಕೆಂದು ಕೂತೆ. ಬೈಗುಳ ಬರಲಿಲ್ಲ. ರಜೆ ಬಂದರೆ ಬಾ. ಅಡುಗೆ ನೀನೇ ಮಾಡಬೇಕು.

ಡಾಕ್ಟರ ಹತ್ತಿರ ಹೋಗಿದ್ದೆ. ಕಿವಿಗೆ ಬಟಾಣಿಯಂಥದ್ದು ಇಡುತ್ತೇನೆ, ಎಲ್ಲ ಕೇಳಿಸುತ್ತದೆ ಎಂದ. ಯಾರ ಮಾತು ಕೇಳುವುದಕ್ಕೆ ಎಂದೆ. ಅವನು ಏನೋ ಹೇಳಿದ. ಗಟ್ಟಿಯಾಗಿ ಹೇಳಯ್ಯಾ ಎಂದೆ. ಮೊದಲ ಸಲ ಒಬ್ಬರಿಗೆ ಹಾಗೆ ಹೇಳಿದ್ದು. ಏನೂ ಆಗಲಿಲ್ಲ, ಅವನು ಗಟ್ಟಿಯಾಗಿ ಹೇಳಿದ. ಯೋಚಿಸುತ್ತೇನೆ ಎಂದು ಬಂದೆ.

ಬೆಳಗ್ಗೆ ಕಿಟಕಿಯ ಹತ್ತಿರ ಬೆಳಕು ಬಂದ ಮೇಲೆ ಆ ಅಂಟಿನ ಕಥೆಯ ಪುಟ ತೆಗೆಯುತ್ತೇನೆ. ನನ್ನ ಸಾಲನ್ನು ಬಾಯಿಬಿಟ್ಟು ಓದುತ್ತೇನೆ. 'ಲೇ, ಎಲ್ಲಿದ್ದೀ?' ಆಮೇಲೆ ಚುಕ್ಕಿ ಬರುತ್ತದೆ. ಒಂದು ಚುಕ್ಕಿಗೆ ಒಂದು ಉಸಿರು ಎಂದಿದ್ದೀಯಲ್ಲ, ಅಷ್ಟು ಹೊತ್ತು ಬೆರಳಿಟ್ಟುಕೊಂಡು ಕಾಯುತ್ತೇನೆ. ಅವಳ ಸಾಲನ್ನು ನಾನು ಓದುವುದಿಲ್ಲ, ನೋಡುತ್ತೇನೆ. ಅದರ ಕೆಳಗೆ ನಾನು ಮತ್ತೊಂದು ಸಲ ಕೂಗಿದ್ದು ಅಚ್ಚಾಗಿದೆ. ಅದನ್ನು ಬಿಟ್ಟು ಮುಂದಕ್ಕೆ ಹೋಗುತ್ತೇನೆ.

ದೊಡ್ಡಪ್ಪ